ಮೀನು ಕಾಣದ ಅಕ್ವೇರಿಯಂ

ನಮ್ಮನೆಗೆ ಮೊದಲ ಸಲ ಬಂದವರು ಹಾಲ್‌ನಲ್ಲಿರೋ ಗಾಜಿನ ತೊಟ್ಟಿ ಮುಂದೆ ನಿಂತು, ಸ್ವಲ್ಪ ಬಗ್ಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ ಕೇಳೋ ಪ್ರಶ್ನೆ ಒಂದೇ - "ಮೀನು ಎಲ್ಲಿ?"

ಇವೆ ಮಾರಾಯ್ರೆ. ಕಿರುಬೆರಳಿನಷ್ಟೂ ಇಲ್ಲದ ಹದಿನೈದು ಮೀನು, ಎಣಿಸೋಕೆ ಸಿಗದಷ್ಟು ಪುಟಾಣಿ ಸೀಗಡಿ. ಆದ್ರೆ ಅವೆಲ್ಲ ಅಲ್ಲಿ ಬಾಡಿಗೆದಾರರು. ಮನೆ ಇರೋದು ಗಿಡಗಳಿಗೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಸುಮಾರು 180 ಲೀಟರ್ ನೀರು. ಅದರೊಳಗೆ ಇವತ್ತಿನ ಲೆಕ್ಕಕ್ಕೆ 27 ಬಗೆಯ ಗಿಡ. "ಎಲ್ಲ ಒಂದೇ ಥರ ಪಾಚಿ ಅಲ್ವಾ?" ಅಂತ ಕೇಳಿದವರಿಗೆ ಕಾಫಿ ಕೊಡಬೇಕೋ ಬೇಡವೋ ಅಂತ ನಾನು ಎರಡು ಸಲ ಯೋಚನೆ ಮಾಡ್ತೀನಿ :)

ಪಾಚಿ ಬೇರೆ, ಗಿಡ ಬೇರೆ. ಪಾಚಿಗೆ ಬೇರು, ಕಾಂಡ, ಎಲೆ ಅಂತ ಬೇರೆ ಬೇರೆ ಅಂಗ ಇಲ್ಲ. ನನ್ನ ತೊಟ್ಟಿಯಲ್ಲಿರೋದು ನಮ್ಮ ನಿಮ್ಮ ಹಿತ್ತಲಿನ ಗಿಡಗಳ ನೆಂಟರು. ಒಂದು ಕನಕಾಂಬರದ ಕುಟುಂಬದ್ದು, ಇನ್ನೊಂದು ತುಳಸಿ ಕುಟುಂಬದ್ದು. ಅತಿ ಹೆಚ್ಚು ಮಂದಿ ಮಾತ್ರ ಕೆಸುವಿನ ಮನೆಯವರು! ಆಫ್ರಿಕಾದ ಅನುಬಿಯಾಸ್, ಶ್ರೀಲಂಕಾದ ಕ್ರಿಪ್ಟೊಕೊರಿನ್, ಬೋರ್ನಿಯೊದ ಬ್ಯೂಸ್‌ಫೆಲಾಂಡ್ರ, ನಮ್ಮದೇ ಘಟ್ಟದ ಲ್ಯಾಜೆನಾಂಡ್ರ, ನೀರ ಮೇಲೆ ತೇಲೋ ಅಂತರಗಂಗೆ... ಅಕ್ವೇರಿಯಂ ಅಂಗಡಿಯಲ್ಲಿ ನೂರಾರು ರೂಪಾಯಿ ಬೆಲೆ ಕಟ್ಟಿಸಿಕೊಂಡು ಕೂತಿರೋ ಈ ಶ್ರೀಮಂತರೆಲ್ಲ ನಮ್ಮ ಪತ್ರೊಡೆ ಎಲೆಯ ದಾಯಾದಿಗಳು.

ಇದನ್ನ ನನಗೆ ಮೊದಲು ಹೇಳಿದ್ದು ಪುಸ್ತಕ ಅಲ್ಲ, ನಮ್ಮಮ್ಮ. ತೀರ್ಥಹಳ್ಳಿ ಕಡೆಯ ನಮ್ಮೂರಿಂದ ಬೆಂಗಳೂರಿಗೆ ಬಂದಾಗ, ಆಗಷ್ಟೇ 250 ರೂಪಾಯಿ ಕೊಟ್ಟು ತಂದಿದ್ದ ಲ್ಯಾಜೆನಾಂಡ್ರ ಮೀಬೋಲ್ಡಿ ಅನ್ನೋ ಕೆಂಪು ಛಾಯೆಯ ಗಿಡವನ್ನ ಹೆಮ್ಮೆಯಿಂದ ತೋರಿಸಿದೆ. ಅಮ್ಮ ಕನ್ನಡಕ ಸರಿ ಮಾಡಿಕೊಂಡು ನೋಡಿದ್ರು.

"ಇದು ಕೆಸುವಿನ ಪೈಕಿ ಅಲ್ವನಾ? ತುರಿಸುತ್ತಾ?"

"ತಿನ್ನೋಕಲ್ಲಮ್ಮ, ನೋಡೋಕೆ."

"ಎಂತ ಮಾರಾಯ! ಇದರ ದೊಡ್ಡಣ್ಣ ನಮ್ಮ ತೋಟದ ಕೆಳಗಿನ ಹಳ್ಳದ ಬದಿಗೆ ರಾಶಿ ಇದೆ. ದನ ಸಹ ಮೂಸಲ್ಲ. ಇದಕ್ಕೆ ದುಡ್ಡು ಕೊಟ್ಯಾ?"

ಅಮ್ಮ ಹೇಳಿದ್ದು ಸರಿಯಾಗೇ ಇತ್ತು. ಲ್ಯಾಜೆನಾಂಡ್ರ ಜಾತಿಯ ಗಿಡಗಳು ಇಡೀ ಭೂಮಿ ಮೇಲೆ ಸಹಜವಾಗಿ ಬೆಳೆಯೋದು ನಮ್ಮ ದೇಶ, ಶ್ರೀಲಂಕಾ, ಬಾಂಗ್ಲಾದೇಶದ ಸುತ್ತಮುತ್ತ ಮಾತ್ರ. ಮೀಬೋಲ್ಡಿ ಅನ್ನೋದು ಇಲ್ಲಿ ಓಡಾಡಿ ಗಿಡ ಸಂಗ್ರಹಿಸಿದ ಜರ್ಮನಿಯ ಆಲ್ಫ್ರೆಡ್ ಮೀಬೋಲ್ಡ್ ಹೆಸರು. ಇದರ ಹತ್ತಿರದ ಬಂಧು ಕ್ರಿಪ್ಟೊಕೊರಿನ್. ಎರಡನ್ನೂ ಗುರುತಿಸೋಕೆ ಒಂದು ಸುಲಭದ ದಾರಿ ಇದೆ. ಹೊಸ ಎಲೆ ಬಿಚ್ಚಿಕೊಳ್ಳೋ ಮುಂಚೆ ನೋಡಬೇಕು. ಕ್ರಿಪ್ಟೊಕೊರಿನ್ ಎಲೆ ಚಾಪೆ ಸುತ್ತಿದ ಹಾಗೆ ಒಂದೇ ಸುರುಳಿ. ಲ್ಯಾಜೆನಾಂಡ್ರ ಎಲೆ ಎರಡೂ ಅಂಚಿಂದ ಒಳಕ್ಕೆ ಸುತ್ತಿಕೊಂಡು ಮಧ್ಯದಲ್ಲಿ ಸೇರಿರುತ್ತೆ, ಎರಡು ಕಡೆಯಿಂದ ಸುತ್ತಿದ ಜಾತಕದ ಸುರುಳಿ ಥರ. ಇದು ಗೊತ್ತಾದ ದಿನದಿಂದ ಬೆಳಿಗ್ಗೆ ಹಲ್ಲುಜ್ಜುತ್ತಾ ಗಾಜಿಗೆ ಮೂಗು ತಾಗಿಸಿ ನಿಲ್ಲೋದು ನನ್ನ ಅಭ್ಯಾಸ ಆಗಿಬಿಟ್ಟಿದೆ. ಮನೆಯವಳು ಇದಕ್ಕೆ ಇಟ್ಟಿರೋ ಹೆಸರು 'ದೇವರ ದರ್ಶನ'.

* * *

ಗಿಡ ಸಾಕೋದು ಮೀನು ಸಾಕೋದಕ್ಕಿಂತ ಸುಲಭ ಅಂತ ತುಂಬ ಜನ ಅಂದುಕೊಂಡಿದಾರೆ. ಒಂದೇ ಬಗೆ ಇಟ್ಟುಕೊಂಡರೆ ಸುಲಭವೇ. 27 ಬಗೆಯನ್ನ ಒಂದೇ ನೀರಲ್ಲಿ ಇಟ್ಟರೆ ಅದು ಕೂಡುಕುಟುಂಬ. ಒಬ್ಬರಿಗೆ ಖಾರ ಬೇಕು, ಒಬ್ಬರಿಗೆ ಸಪ್ಪೆ. ಅಡುಗೆ ಮಾತ್ರ ಒಂದೇ ಒಲೆ ಮೇಲೆ.

ಮೊದಲನೇದಾಗಿ, ಅಂಗಡಿಯಿಂದ ತಂದ ಗಿಡ ನಮ್ಮನೆಗೆ ಬಂದು ಸಾಯುತ್ತೆ. ಗಾಬರಿಯಾಗಬೇಡಿ, ಪೂರ್ತಿ ಸಾಯಲ್ಲ! ಅಕ್ವೇರಿಯಂ ಗಿಡ ಅಂತ ಮಾರೋದರಲ್ಲಿ ಬಹಳಷ್ಟು ಉಭಯವಾಸಿಗಳು. ಹಳ್ಳದ ದಂಡೆಯಲ್ಲಿ ಬೇಸಿಗೆಯಲ್ಲಿ ಗಾಳಿಯಲ್ಲಿರುತ್ತವೆ, ಮಳೆಗಾಲದಲ್ಲಿ ಮುಳುಗುತ್ತವೆ. ನರ್ಸರಿಗಳಲ್ಲಿ ಅವನ್ನ ಬೇಗ ಬೆಳೆಸೋಕೆ ನೀರ ಮೇಲೇ ಬೆಳೆಸ್ತಾರೆ. ಆ ಎಲೆಗಳು ಗಾಳಿಯ ಎಲೆಗಳು. ತಂದು ನೀರೊಳಗೆ ನೆಟ್ಟರೆ ಅವು ಹಳದಿಯಾಗಿ, ತೂತು ಬಿದ್ದು, ಕರಗಿ ಹೋಗುತ್ತವೆ. ಆಮೇಲೆ ತುದಿಯಲ್ಲಿ ತೆಳ್ಳಗಿನ, ಬೇರೆಯದೇ ಆಕಾರದ, ಬೇರೆಯದೇ ಬಣ್ಣದ ನೀರೆಲೆ ಬರುತ್ತೆ. ಅಂಗಡಿಯಲ್ಲಿ ಹಸಿರಾಗಿದ್ದದ್ದು ಇಲ್ಲಿ ಕೆಂಪಾಗುತ್ತೆ, ಅಗಲ ಎಲೆ ಸೂಜಿಯಾಗುತ್ತೆ.

ಕ್ರಿಪ್ಟೊಕೊರಿನ್ ಅಂತೂ ಈ ವಿಷಯದಲ್ಲಿ ಮಹಾ ಸೂಕ್ಷ್ಮ. ಜಾಗ ಬದಲಿಸಿದರೆ ಕರಗುತ್ತೆ, ನೀರು ಬದಲಾದರೆ ಕರಗುತ್ತೆ, ಬೆಳಕು ಬದಲಾದರೂ ಕರಗುತ್ತೆ. ರಾತ್ರಿ ನೋಡಿದಾಗ ಪೊದೆಯಂತಿದ್ದದ್ದು ಮೂರು ದಿನದಲ್ಲಿ ಲೋಳೆ. ಆದ್ರೆ ಜಲ್ಲಿಯ ಕೆಳಗೆ ಗಡ್ಡೆ ಜೀವ ಹಿಡಿದುಕೊಂಡು ಕೂತಿರುತ್ತೆ. ಕಿತ್ತು ಎಸೆಯದೆ ಬಿಟ್ಟರೆ ಕೆಲವು ವಾರಕ್ಕೆ ಒಂದು ಮೊಳಕೆ. ಈ ಜಾತಿಯ ಕೆಲವು ಗಿಡಗಳು ನಮ್ಮ ಪಶ್ಚಿಮ ಘಟ್ಟದ ನದಿ-ಹಳ್ಳಗಳಲ್ಲೂ ಇವೆ. ಮಳೆಗಾಲದಲ್ಲಿ ಪ್ರವಾಹ, ಬೇಸಿಗೆಯಲ್ಲಿ ಬಂಡೆ ಸಂದಿನ ಒಣ ಮರಳು. ಅಂಥಲ್ಲಿ ಬದುಕೋ ಗಿಡ ಎಲೆಯನ್ನ ಬಿಟ್ಟುಕೊಟ್ಟು ಗಡ್ಡೆ ಉಳಿಸಿಕೊಳ್ಳೋದನ್ನ ಕಲಿತಿದೆ.

ಎರಡನೇದು ಬೆಳಕು. ದಿನಕ್ಕೆ ಏಳು ಗಂಟೆ, ಟೈಮರ್ ಹಾಕಿಟ್ಟಿದೀನಿ. ಜಾಸ್ತಿ ಬೆಳಕು ಕೊಟ್ಟರೆ ಗಿಡ ಚೆನ್ನಾಗಿ ಬರುತ್ತೆ ಅನ್ನೋದು ಅರ್ಧ ಸತ್ಯ. ಬೆಳಕು ಅಂದ್ರೆ ಗಾಡಿಯ ಆಕ್ಸಲರೇಟರ್ ಇದ್ದ ಹಾಗೆ. ತಿರುವಿದಷ್ಟೂ ಪೆಟ್ರೋಲ್ ಬೇಕು. ಇಲ್ಲಿ ಪೆಟ್ರೋಲ್ ಅಂದ್ರೆ ಇಂಗಾಲದ ಡೈಆಕ್ಸೈಡ್ ಮತ್ತು ಗೊಬ್ಬರ. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಈ ಅನಿಲ ಹರಡೋದು ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಹಾಗಾಗಿ ಮುಳುಗಿದ ಗಿಡ ಯಾವಾಗಲೂ ಅರ್ಧ ಹಸಿದೇ ಇರುತ್ತೆ. ಬೆಳಕು ಇದೆ, ಊಟ ಇಲ್ಲ ಅಂದಾಗ ಗಿಡ ನಿಲ್ಲುತ್ತೆ, ಪಾಚಿ ಶುರುವಾಗುತ್ತೆ.

ಕೆಲವರು ಸಿಲಿಂಡರ್ ಇಡ್ತಾರೆ. ನಾನು ಬಡವರ ಉಪಾಯದಲ್ಲಿದೀನಿ. ಎರಡು ಲೀಟರಿನ ತಂಪುಪಾನೀಯದ ಬಾಟಲಿ, ಸಕ್ಕರೆ, ನೀರು, ಒಂದು ಚಿಟಿಕೆ ಯೀಸ್ಟ್, ಮುಚ್ಚಳಕ್ಕೊಂದು ಟ್ಯೂಬ್. ಹುಳಿ ಬರೋ ಆ ನೀರಿನಿಂದ ಗುಳುಗುಳು ಅಂತ ಗ್ಯಾಸ್ ತೊಟ್ಟಿಗೆ ಬರುತ್ತೆ. ಮಧ್ಯಾಹ್ನ ಹೊತ್ತಿಗೆ ಎಲೆಗಳ ಅಂಚಲ್ಲಿ ಆಮ್ಲಜನಕದ ಸಣ್ಣ ಸಣ್ಣ ಗುಳ್ಳೆ, ಮುತ್ತು ಪೋಣಿಸಿದ ಹಾಗೆ. ಭಾನುವಾರ ಊಟ ಮುಗಿಸಿ ಅದನ್ನ ನೋಡ್ತಾ ಕೂರೋ ಸುಖ ಇದೆಯಲ್ಲ, ಟಿವಿಗೆ ಆ ಯೋಗ್ಯತೆ ಇಲ್ಲ ಬಿಡಿ.

ಮೂರನೇದು ಗೊಬ್ಬರ. ಬಣ್ಣದ ಲೇಬಲ್ ಅಂಟಿಸಿದ ಪುಟ್ಟ ಬಾಟಲಿಗಳಿಗೆ ದುಡ್ಡು ಸುರಿಯೋದು ಬೇಡ. ದ್ರಾಕ್ಷಿ ಬೆಳೆಯೋರು ಹನಿ ನೀರಾವರಿಯಲ್ಲಿ ಬಿಡೋ 13:0:45 ಅಂದ್ರೆ ಪೊಟ್ಯಾಸಿಯಂ ನೈಟ್ರೇಟ್, 0:52:34 ಅಂದ್ರೆ ಮೊನೊ ಪೊಟ್ಯಾಸಿಯಂ ಫಾಸ್ಫೇಟ್. ಎರಡೂ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತವೆ. ಜೊತೆಗೆ ಕಬ್ಬಿಣ ಇರೋ ಲಘು ಪೋಷಕಾಂಶದ ಪುಡಿ. ಒಂದೊಂದು ಕಿಲೋ ತಂದರೆ ಮೊಮ್ಮಕ್ಕಳ ಕಾಲಕ್ಕೂ ಆಗುತ್ತೆ! ಹಾಕೋದು ಚಿಟಿಕೆ ಲೆಕ್ಕ, ಅದೂ ತೂಕ ಮಾಡಿ.

ಯಾವುದು ಕಡಿಮೆಯಾಗಿದೆ ಅಂತ ಗಿಡವೇ ಹೇಳುತ್ತೆ. ಹಳೇ ಎಲೆ ಹಳದಿಯಾದರೆ ಸಾರಜನಕ ಸಾಲದು. ಹೊಸ ಚಿಗುರು ಬಿಳಿಚಿಕೊಂಡರೆ ಕಬ್ಬಿಣ ಸಾಲದು. ಯಾಕೆ ಹೀಗೆ ಅಂದ್ರೆ, ಸಾರಜನಕ ಕಮ್ಮಿಯಾದಾಗ ಗಿಡ ತನ್ನ ಹಳೇ ಎಲೆಯಿಂದ ಕಿತ್ತು ಹೊಸ ಚಿಗುರಿಗೆ ಕೊಡುತ್ತೆ. ಕಬ್ಬಿಣವನ್ನ ಹಾಗೆ ಸಾಗಿಸೋಕೆ ಅದಕ್ಕೆ ಬರಲ್ಲ, ಸೇರಿದಲ್ಲೇ ಉಳಿಯುತ್ತೆ. ಹಾಗಾಗಿ ಕೊರತೆ ಬಿದ್ದಾಗ ಮಕ್ಕಳಿಗೆ ಇಲ್ಲ. ನನ್ನ ಮಗಳಿಗೆ ಇದನ್ನ ಹೇಳಿದಾಗ "ಹಾಗಾದ್ರೆ ಹಳೇ ಎಲೆ ಅಂದ್ರೆ ಅಜ್ಜಿ" ಅಂದಳು.

* * *

ಇಷ್ಟೆಲ್ಲ ಮಾಡಿದರೂ ಬಗೆಗಳು ಉಳಿಯಲ್ಲ. ಯಾಕಂದ್ರೆ ನಿಜವಾದ ಜಗಳ ಗಿಡ-ಗಿಡದ ನಡುವೆ. ವ್ಯಾಲಿಸ್ನೇರಿಯ ಅನ್ನೋ ರಿಬ್ಬನ್ ಎಲೆಯವಳು ಜಲ್ಲಿ ಕೆಳಗೇ ಹಂಬು ಕಳಿಸಿ ವಾರಕ್ಕೊಂದು ಮರಿ ಎಬ್ಬಿಸ್ತಾಳೆ. ಲಿಮ್ನೊಫಿಲ ಅನ್ನೋದು ಹದಿನೈದು ದಿನಕ್ಕೆ ಮೇಲಕ್ಕೆ ಮುಟ್ಟಿ ಕೊಡೆ ಬಿಚ್ಚಿಬಿಡುತ್ತೆ. ಇವರ ನೆರಳಲ್ಲಿ ತಿಂಗಳಿಗೆ ಒಂದೋ ಎರಡೋ ಎಲೆ ಬಿಡೋ ಬಡಪಾಯಿಗಳು ಇರ್ತಾರೆ. ಅನುಬಿಯಾಸ್‌ಗೆ ನೆರಳೇ ಇಷ್ಟ, ಸರಿ. ಆದ್ರೆ ರೊಟಾಲ ಮ್ಯಾಕ್ರಾಂಡ್ರ ಅನ್ನೋ ನಮ್ಮ ದಕ್ಷಿಣ ಭಾರತದ ಕೆಂಪು ಸುಂದರಿಗೆ ಬೆಳಕು ತಪ್ಪಿದರೆ ಬುಡದ ಎಲೆ ಉದುರಿ ಬರೀ ಕಡ್ಡಿ. ಎರಡು ತಿಂಗಳು ಕತ್ತರಿ ಹಾಕದೆ ಬಿಟ್ಟರೆ 27 ಹೋಗಿ ಐದಾಗುತ್ತೆ. ಬೆಳೆಯೋ ಗಿಡವನ್ನ ಬೆಳೆಸೋಕೆ ಯಾರೂ ಬೇಕಾಗಿಲ್ಲ. ಪ್ರತಿ ಭಾನುವಾರ ನಾನು ಮಾಡೋ ಕೆಲಸ ಅವಕ್ಕೆ ಕಡಿವಾಣ ಹಾಕೋದು, ನಿಧಾನಸ್ಥರಿಗೆ ಜಾಗ ಬಿಡಿಸಿಕೊಡೋದು.

ಈ ಹವ್ಯಾಸದಲ್ಲಿ ಎರಡು ಪಂಥ ಇವೆ. ಜಪಾನಿನ ತಕಾಶಿ ಅಮಾನೊ (1954-2015) ಅಂತ ಒಬ್ಬ ಫೋಟೋಗ್ರಾಫರ್ ಇದ್ದರು. ನೀರೊಳಗೆ ಬೆಟ್ಟ, ಕಾಡು, ಹುಲ್ಲುಗಾವಲಿನಂಥ ದೃಶ್ಯ ಕಟ್ಟೋ ಕಲೆಯನ್ನ ಜಗತ್ತಿಗೆ ಹಬ್ಬಿಸಿದವರು. ಅವರ ಹಾದಿಯಲ್ಲಿ ನಾಲ್ಕೈದು ಬಗೆ ಗಿಡ ಸಾಕು, ಜೋಡಣೆಯೇ ಮುಖ್ಯ. ಇನ್ನೊಂದು ಪಂಥ ನನ್ನಂಥವರದ್ದು. ಕಂಡದ್ದೆಲ್ಲ ಬೇಕು! ಒಂದೊಂದು ಬಗೆಯ ಒಂದೊಂದು ತುಂಡು. ನೋಡೋಕೆ ಅಂಥಾ ಚೆಂದ ಏನಿಲ್ಲ, ಸಂತೆ ಥರ ಇರುತ್ತೆ.

ಮಲೆನಾಡಿನವರಿಗೆ ಈ ಎರಡನೇ ಪಂಥ ಅರ್ಥ ಮಾಡಿಸೋದು ಕಷ್ಟ ಅಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಹೆಂಗಸರು ಡೇರೆ ಗಿಡ ಕೂಡಿಸೋದನ್ನ ನೋಡಿದವರಿಗೆ ಗೊತ್ತು. ಯಾರ ಮನೆಗೆ ಮದುವೆಗೆ ಹೋಗಲಿ, ತಿಥಿಗೆ ಹೋಗಲಿ, ಬರುವಾಗ ಚೀಲದಲ್ಲಿ ಒಂದು ಗಡ್ಡೆಯೋ ಒಂದು ಹೆರೆಯೋ ಇದ್ದೇ ಇರುತ್ತೆ. ಕೇಳಿ ತಂದದ್ದಕ್ಕಿಂತ ಕದ್ದು ತಂದದ್ದು ಚೆನ್ನಾಗಿ ಬದುಕುತ್ತೆ ಅಂತ ನಂಬಿಕೆ ಬೇರೆ :) ನಮ್ಮಮ್ಮನ ಹತ್ತಿರ ಒಂದು ಕಾಲದಲ್ಲಿ ಮೂವತ್ತು ಬಣ್ಣದ ಡೇರೆ ಇತ್ತು. ಒಂದು ವರ್ಷ ಮಳೆ ಜಾಸ್ತಿಯಾಗಿ ಗಡ್ಡೆ ಎಲ್ಲ ಕೊಳೆತವು. ಮರುವರ್ಷ ಮಳೆ ಹಿಡಿಯೋ ಹೊತ್ತಿಗೆ ಮತ್ತೆ ಇಪ್ಪತ್ತೈದು ಬಣ್ಣ ವಾಪಸ್ ಬಂದಿತ್ತು. ಹೇಗೆ ಅಂದ್ರೆ, ಅಮ್ಮ ಕೊಟ್ಟವರ ಮನೆಗಳಲ್ಲಿ ಅದು ಇತ್ತು. ಅವರು ವಾಪಸ್ ಕೊಟ್ಟರು. ಇದನ್ನ ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ.

ಈ ಪದ್ಧತಿಯ ಬೆಲೆ ನನಗೆ ಗೊತ್ತಾಗಿದ್ದು 2024ರ ಬೇಸಿಗೆಯಲ್ಲಿ.

* * *

ಆ ವರ್ಷದ ಮಾರ್ಚ್ ನೆನಪಿದೆ ಅಲ್ವಾ? ಬೆಂಗಳೂರಿನ ಬೋರ್‌ವೆಲ್‌ಗಳೆಲ್ಲ ಒಣಗಿ, ಟ್ಯಾಂಕರ್‌ಗೆ ಸರದಿ ಹಚ್ಚಿ, ಜಲಮಂಡಳಿ ಕುಡಿಯೋ ನೀರಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ 5000 ರೂಪಾಯಿ ದಂಡ ಅಂದ ದಿನಗಳು. ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದು ಗಂಟೆ ನೀರು.

ನನ್ನ ತೊಟ್ಟಿಗೆ ವಾರಕ್ಕೆ ಮೂರನೇ ಒಂದು ಭಾಗ ನೀರು ಬದಲಿಸೋದು ರೂಢಿ. ಅಂದ್ರೆ 60 ಲೀಟರ್, ನಾಲ್ಕು ಬಕೆಟ್. ಗೊಬ್ಬರ ಹಾಕೋ ತೊಟ್ಟಿಯಲ್ಲಿ ಉಳಿದದ್ದನ್ನ ತೆಗೀಲೇಬೇಕು, ಇಲ್ಲದಿದ್ದರೆ ಜಮೆಯಾಗುತ್ತೆ. ಪಕ್ಕದ ಮನೆಯವರು ಪಾತ್ರೆ ತೊಳೆಯೋಕೆ ನೀರಿಲ್ಲ ಅಂತ ಪೇಪರ್ ಪ್ಲೇಟ್ ತರ್ತಾ ಇರೋವಾಗ ನಾನು ನಾಲ್ಕು ಬಕೆಟ್ ನೀರನ್ನ ಒಂದು ಗಾಜಿನ ಪೆಟ್ಟಿಗೆಗೆ ಸುರಿಯೋದು ಹೇಗೆ? "ರೀ, ಬಕೆಟ್ ಎಲ್ಲಿ?" ಅಂತ ಮನೆಯವಳು ಒಳಗಿಂದ ಕೂಗಿದರೆ ಕೈ ನಡುಗೋದು.

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಊಟ ಕಡಿಮೆ ಮಾಡಿದರೆ ಕೊಳೆಯೂ ಕಡಿಮೆ. ಬೆಳಕನ್ನ ಏಳು ಗಂಟೆಯಿಂದ ನಾಲ್ಕೂವರೆಗೆ ಇಳಿಸಿದೆ. ಗೊಬ್ಬರ ಪೂರ್ತಿ ನಿಲ್ಲಿಸಿದೆ, ಮೀನಿನ ಹೊಲಸೇ ಸಾಕು. ನೀರು ಬದಲಿಸೋದನ್ನ ಮೂರು ವಾರಕ್ಕೆ ಒಂದು ಬಕೆಟ್‌ಗೆ ತಂದೆ. ಅಮೆರಿಕದ ಡಯಾನಾ ವಾಲ್‌ಸ್ಟಾಡ್ 1999ರಲ್ಲಿ ಬರೆದ ಪುಸ್ತಕದಲ್ಲಿ ಹೇಳೋದು ಹೆಚ್ಚುಕಡಿಮೆ ಇದೇ ದಾರಿ. ಅಡಿಗೆ ಮಣ್ಣು, ಮೇಲೆ ಜಲ್ಲಿ, ಬೇಗ ಬೆಳೆಯೋ ಗಿಡಗಳು, ಕಡಿಮೆ ಮೀನು. ಕೊಳೆಯನ್ನ ಗಿಡವೇ ತಿಂದು ತೀರಿಸುತ್ತೆ. ತೊಟ್ಟಿಯಿಂದ ತೆಗೆದ ಆ ಒಂದು ಬಕೆಟ್ ನೀರು ಬಾಲ್ಕನಿಯ ಕರಿಬೇವಿಗೆ, ಒಂದೆಲಗಕ್ಕೆ. ಅವುಗಳಿಗೆ ಆ ವರ್ಷ ಸಿಕ್ಕ ನೀರು ಅದೊಂದೇ. ಕರಿಬೇವು ಮಾತ್ರ ಭರ್ತಿ ಬಂತು!

ಆದ್ರೆ ಇನ್ನೊಂದು ತೊಂದರೆ ಇತ್ತು. ಕಾವೇರಿ ನೀರು ಮೃದು. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಪಂಪ್ ಆಗಿ ಬಂದರೂ ಅದು ಘಟ್ಟದ ಹಳ್ಳಗಳಲ್ಲಿ ಹುಟ್ಟಿದ ನೀರೇ ತಾನೆ. ರಾತ್ರಿ ಬಕೆಟ್‌ನಲ್ಲಿ ತೆರೆದಿಟ್ಟು ಕ್ಲೋರಿನ್ ಹೋದ ಮೇಲೆ ಹಾಕಿದರೆ ಘಟ್ಟದ ಗಿಡಗಳಿಗೆ ಊರಿನ ನೀರು ಕುಡಿದ ಹಾಗೆ. ಟ್ಯಾಂಕರ್‌ನಲ್ಲಿ ಬರ್ತಿದ್ದದ್ದು ಆಳದ ಬೋರ್‌ವೆಲ್‌ನ ಗಡಸು ನೀರು. ಗಾಜಿನ ಮೇಲೆ ಸುಣ್ಣದ ಬಿಳಿ ಗೆರೆ ಬಿತ್ತು.

ವ್ಯಾಲಿಸ್ನೇರಿಯಕ್ಕೆ ಹಬ್ಬ. ಗಡಸು ನೀರಲ್ಲಿರೋ ಬೈಕಾರ್ಬನೇಟ್‌ನಿಂದಲೇ ಇಂಗಾಲ ಎಳೆದುಕೊಳ್ಳೋ ಕಲೆ ಅದಕ್ಕೆ ಗೊತ್ತು. ಕ್ರಿಪ್ಟೊಕೊರಿನ್‌ಗಳು ಎಂದಿನಂತೆ ಕರಗಿ, ಗಡ್ಡೆ ಹಿಡಿದು ಕೂತವು. ರೊಟಾಲ ಮ್ಯಾಕ್ರಾಂಡ್ರ ಮಾತ್ರ ತುದಿ ಮುದುಡಿಕೊಂಡು, ದಿನಕ್ಕೊಂದು ಎಲೆ ಉದುರಿಸುತ್ತಾ, ಏಪ್ರಿಲ್ ಮುಗಿಯೋ ಹೊತ್ತಿಗೆ ಇಲ್ಲವಾಯಿತು. ಐದು ವರ್ಷ ಸಾಕಿದ ಗಿಡ. ಖಾಲಿ ಜಾಗದಲ್ಲಿ ಜಲ್ಲಿ ಕಾಣಿಸ್ತಿತ್ತು. ಅದು ಗಿಡ ಅಷ್ಟೇ ಅಂತ ಹೇಳಿಕೊಂಡೆ, ಸಮಾಧಾನ ಆಗಲಿಲ್ಲ.

ಜೂನ್‌ನಲ್ಲಿ ಮಳೆ ಬಂತು, ನೀರು ಸುಧಾರಿಸಿತು. ಒಂದು ದಿನ ಮೈಸೂರಿನ ಗೆಳೆಯ ಮನೆಗೆ ಬಂದ. ಕೈಯಲ್ಲಿ ಒಂದು ಟಿಫನ್ ಡಬ್ಬಿ. ತೆಗೆದರೆ ಒದ್ದೆ ಪೇಪರ್‌ನಲ್ಲಿ ಸುತ್ತಿದ ಆರು ಕೆಂಪು ಕಡ್ಡಿಗಳು. 2022ರಲ್ಲಿ ನಾನೇ ಅವನಿಗೆ ಮೂರು ತುಂಡು ಕೊಟ್ಟಿದ್ದೆ, ಮರೆತೂ ಬಿಟ್ಟಿದ್ದೆ. "ನಿಂದೇ ಕಣೋ ಇದು. ನಮ್ಮನೇಲಿ ಕಳೆ ಥರ ಬೆಳೀತಿದೆ" ಅಂದ.

ಈಗ ಅದು ಮತ್ತೆ ಅದೇ ಜಾಗದಲ್ಲಿದೆ. ಯಾವ ಹೊಸ ಗಿಡ ತಂದರೂ ಅದು ಹಿಡಿದುಕೊಂಡು ನಾಲ್ಕಾದ ತಕ್ಷಣ ಕನಿಷ್ಠ ಎರಡು ಮನೆಗೆ ಕೊಡೋದು ಅಂತ ಅವತ್ತಿಂದ ನಿಯಮ ಮಾಡಿಕೊಂಡಿದೀನಿ. ಬೇರೆ ಬೇರೆ ನೀರಿರೋ ಮನೆಗಳಾದರೆ ಇನ್ನೂ ಒಳ್ಳೇದು.

* * *

ಕೊಡೋದು ಅಂದ ಮಾತ್ರಕ್ಕೆ ಎಲ್ಲಿಗೆ ಬೇಕಾದರೂ ಅಲ್ಲ. ವಾರಾ ವಾರ ಕತ್ತರಿಸಿದಾಗ ಒಂದು ಮೊರದಷ್ಟು ಗಿಡ ಬರುತ್ತೆ. "ಪಾಪ, ಜೀವ ಇದೆ, ಕೆರೆಗೆ ಬಿಡ್ರೀ" ಅಂತ ಒಳ್ಳೇ ಮನಸ್ಸಿನವರು ಹೇಳ್ತಾರೆ. ಅದು ಮಾತ್ರ ಬೇಡವೇ ಬೇಡ.

ನಮ್ಮ ಕೆರೆಗಳನ್ನ ಮುಚ್ಚಿರೋ ನೇರಳೆ ಹೂವಿನ ಜಲಕಳೆ ದಕ್ಷಿಣ ಅಮೆರಿಕದ್ದು. ಅಂಗಡಿಗಳಲ್ಲಿ ತೇಲುಗಿಡ ಅಂತ ಸಿಗೋ ಸಾಲ್ವಿನಿಯಾಗಳ ಪೈಕಿ ಮೊಲೆಸ್ಟಾ ಅನ್ನೋದು ಬ್ರೆಜಿಲ್ ಕಡೆಯದು, ಕೇರಳದ ಹಿನ್ನೀರನ್ನ ಗೋಳುಹೊಯ್ದುಕೊಂಡ ಕಳೆ. ಅದನ್ನ ತಿನ್ನೋ ಒಂದು ಪುಟ್ಟ ಮೂತಿಹುಳುವನ್ನ 1980ರ ದಶಕದಲ್ಲಿ ತರಿಸಿ, ನಮ್ಮ ಬೆಂಗಳೂರಿನದೇ ಒಂದು ನೈದಿಲೆ ಕೊಳದಲ್ಲಿ ಬಿಟ್ಟು ಪ್ರಯೋಗ ಮಾಡಿದ್ದರು, ಕೊಳ ಶುದ್ಧವಾಗಿತ್ತು. 2020ರಲ್ಲಿ ಕೇರಳದ ಕೋಝಿಕ್ಕೋಡ್ ಜಿಲ್ಲೆಯ ಆವಳ ಪಾಂಡಿಯಲ್ಲಿ ಕಾಲುವೆ ತುಂಬ ಗುಲಾಬಿ ಹೂ ಅರಳಿ ಜನ ಫೋಟೋಗೆ ಮುಗಿಬಿದ್ದರಲ್ಲ, ಅದೂ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗೋ ಕಬೊಂಬ ಜಾತಿಯದೇ. ಹೂವಿನ ಕೆಳಗೆ ಬೇರೆ ಯಾವ ಗಿಡಕ್ಕೂ ಬೆಳಕಿಲ್ಲ.

ಬರೀ ಅವರದ್ದು ನಮಗೆ ಬಂದದ್ದಲ್ಲ. ನಮ್ಮ ಕೆರೆಗಳ ಸಾಧು ಗಿಡ ಹೈಡ್ರಿಲ್ಲಾವನ್ನ 1950ರ ದಶಕದಲ್ಲಿ ಶ್ರೀಲಂಕಾದಿಂದ ಅಮೆರಿಕದ ಫ್ಲಾರಿಡಾಕ್ಕೆ ಅಕ್ವೇರಿಯಂ ವ್ಯಾಪಾರದವರು ಒಯ್ದರು. ಅಲ್ಲಿ ಅದು ತಪ್ಪಿಸಿಕೊಂಡು ನದಿ-ಸರೋವರ ತುಂಬಿ, ಅದನ್ನ ತೆಗೆಯೋಕೆ ಕೋಟಿಗಟ್ಟಲೆ ಖರ್ಚು ಮಾಡ್ತಾ ಇದಾರೆ. ಊರಲ್ಲಿ ಅಂಕೆಯಲ್ಲಿದ್ದವನು ಪರದೇಶದಲ್ಲಿ ಹೀಗೂ ಆಗಬಹುದು. ಹಾಗಾಗಿ ನನ್ನ ಕತ್ತರಿಕೆಯೆಲ್ಲ ತಾರಸಿಯಲ್ಲಿ ಎರಡು ದಿನ ಬಿಸಿಲಿಗೆ ಒಣಗಿ, ಆಮೇಲೆ ಗೊಬ್ಬರದ ಡಬ್ಬಕ್ಕೆ.

ಹಳ್ಳಕ್ಕೆ ಬಿಡಬಾರದು ಸರಿ, ಹಳ್ಳದಿಂದ ತರಬಹುದಾ? ಇದನ್ನೂ ಕೇಳ್ತಾರೆ. ಹೈಗ್ರೊಫಿಲ ಪಿನ್ನಾಟಿಫಿಡ ಅಂತ ಒಂದು ಗಿಡ ಇದೆ, ಜರಿಗಿಡದ ಥರ ಸೀಳಿದ ಕಂದು-ಕೆಂಪು ಎಲೆ, ಬಂಡೆ ಹಿಡಿದು ಬೆಳೆಯುತ್ತೆ. ಮೊದಲು ಹೇಳಿದ ಕನಕಾಂಬರದ ಕುಟುಂಬದ್ದು ಇದೇ. ಸಹಜವಾಗಿ ಇರೋದು ನಮ್ಮ ಪಶ್ಚಿಮ ಘಟ್ಟದಲ್ಲಿ. ಈಗ ಜಗತ್ತಿನ ಅಕ್ವೇರಿಯಂಗಳಲ್ಲೆಲ್ಲ ಇದೆ. ಚಾರಣಕ್ಕೆ ಹೋದಾಗ ಹಳ್ಳದಲ್ಲಿ ಇಂಥದ್ದು ಕಂಡರೆ ಕೈ ತುರಿಸೋದು ಸಹಜ. ಆದ್ರೆ ಮಿಸ್ ಕೇರಳ ಅಂತ ಕರೆಯೋ ಕೆಂಪು ಪಟ್ಟೆಯ ಮೀನಿನ ಕಥೆ ನೋಡಿ. ಘಟ್ಟದ ಹೊಳೆಗಳಿಂದ ಅಕ್ವೇರಿಯಂಗೆ ಅಂತ ಹಿಡಿದೂ ಹಿಡಿದೂ ಅದು ಅಳಿವಿನಂಚಿನ ಪಟ್ಟಿ ಸೇರಿದೆ. ರಕ್ಷಿತಾರಣ್ಯದ ಒಳಗಿಂದ ಕಿತ್ತು ತರೋದಂತೂ ಅಪರಾಧವೇ. ಜಿ-9 ಬಾಳೆ ಸಸಿ ಮಾಡೋ ಅದೇ ಅಂಗಾಂಶ ಕೃಷಿಯಲ್ಲಿ ಈಗ ಈ ಗಿಡಗಳನ್ನೂ ಮಾಡ್ತಾರೆ, ಪುಟ್ಟ ಕಪ್‌ನಲ್ಲಿ ಜೆಲ್ಲಿ ಮೇಲೆ. ನಾನು ತರೋದು ಅದನ್ನ, ಇಲ್ಲವೇ ಯಾರದ್ದಾದರೂ ತೊಟ್ಟಿಯಿಂದ.

* * *

2025ರ ಮಾರ್ಚ್‌ನಲ್ಲಿ ಊರಿಗೆ ಹೋಗಿದ್ದೆ. ತೋಟದ ಕೆಳಗಿನ ಹಳ್ಳದ ಗುರುತೇ ಸಿಗಲಿಲ್ಲ. ಹಳ್ಳ ಅಗಲ ಮಾಡೋ ಕೆಲಸ ಅಂತ ಜೆಸಿಬಿ ಬಂದು ಎರಡೂ ದಂಡೆ ಕೆರೆದು ಹೋಗಿತ್ತು. ಮಳೆಗಾಲದಲ್ಲಿ ತೋಟಕ್ಕೆ ನೀರು ನುಗ್ಗೋದು ತಪ್ಪುತ್ತೆ ಅಂತ ಊರವರಿಗೂ ಬೇಕಾಗಿದ್ದ ಕೆಲಸವೇ. ತಪ್ಪು ಅನ್ನೋಕೆ ನನಗೆ ಬಾಯಿಲ್ಲ, ನಾನು ಅಲ್ಲಿ ತೋಟ ಮಾಡೋನಲ್ಲ. ಆದ್ರೆ ಅಮ್ಮ ಹೇಳಿದ್ದ 'ದೊಡ್ಡಣ್ಣ' ಲ್ಯಾಜೆನಾಂಡ್ರದ ಪೊದೆಗಳು ಇದ್ದ ಜಾಗದಲ್ಲಿ ಕೆಂಪು ಮಣ್ಣಿನ ಗೋಡೆ. ಮೊಣಕಾಲು ದಾಟಿ ಬೆಳೆಯೋ, ಹೊಳೆಯೋ ಎಲೆಯ ಗಿಡಗಳು. ಚಿಕ್ಕವನಿದ್ದಾಗ ಅದರ ಬುಡದಲ್ಲೇ ನಾವು ಏಡಿ ಹುಡುಕ್ತಾ ಇದ್ದದ್ದು.

ಸಪ್ಪೆ ಮುಖ ಹಾಕಿಕೊಂಡು ವಾಪಸ್ ಬಂದೆ. ಬಚ್ಚಲ ಹಿಂದೆ ಕಾಲು ತೊಳೆಯೋಕೆ ಹೋದರೆ ಹಳೇ ಕಲ್ಮರಿಗೆಯಲ್ಲಿ ನಾಲ್ಕು ಗಿಡ! ಕೆಸರು, ನೀರು, ಹೊಸ ಎಲೆ. ಎರಡೂ ಅಂಚಿಂದ ಸುತ್ತಿಕೊಂಡಿದ್ದ ಎಲೆ.

"ಅಮ್ಮಾ, ಇದನ್ನ ಯಾರು ತಂದು ಹಾಕಿದ್ದು?"

"ನಾನೇ. ಮೆಷಿನ್ನಿನವರು ಕಿತ್ತು ಹಾಕಿ ಹೋಗಿದ್ರು, ಬಿಸಿಲಲ್ಲಿ ಬಿದ್ದಿತ್ತು. ನೋಡಿ ಒಂಥರಾ ಆಯ್ತು. ನೀನು ದುಡ್ಡು ಕೊಟ್ಟು ತರೋ ಗಿಡ ಅಲ್ವನಾ, ಹಾಕಿಟ್ಟೆ. ಆರಿತ್ತು. ಎರಡನ್ನ ಕೆಳಗಿನ ಮನೆ ಚಿಕ್ಕಮ್ಮ ಕೇಳಿ ತಗೊಂಡು ಹೋದಳು, ಅವಳ ಬಾವಿಕಟ್ಟೆ ಹತ್ತಿರ ನೆಟ್ಟಿದಾಳಂತೆ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಆ ಹಳ್ಳದ ಗಿಡ ಈಗ ನನಗೆ ಗೊತ್ತಿರೋ ಹಾಗೆ ಎರಡು ಮನೆಯಲ್ಲಿದೆ. "ಬೆಂಗಳೂರಿಗೆ ಒಂದು ತಗೊಂಡು ಹೋಗು" ಅಂದ್ರು ಅಮ್ಮ. ನನ್ನ ತೊಟ್ಟಿಗೆ ಅದು ತೀರಾ ದೊಡ್ಡದು, ಅಲ್ಲಿಗೆ ತಂದರೆ ನರಳುತ್ತೆ. ಬೇಡ ಅಂದೆ. ದಂಡೆಯ ಮಣ್ಣು ಕೂತು, ಒಂದೆರಡು ಮಳೆಗಾಲ ಕಳೆದ ಮೇಲೆ ಅಲ್ಲೇ ನೀರಿನ ಬದಿಗೆ ವಾಪಸ್ ನೆಡೋಣ ಅಂತ ಮಾತಾಡಿಕೊಂಡಿದೀವಿ. ಅದೇ ಹಳ್ಳದ ಗಿಡ ಅದೇ ಹಳ್ಳಕ್ಕೆ. ಅಲ್ಲಿವರೆಗೆ ಮರಿಗೆಗೆ ನೀರು ಹಾಕೋ ಕೆಲಸ ಅಮ್ಮನದು. "ಬೇಸಿಗೇಲಿ ನನಗೇ ಕುಡಿಯೋಕೆ ನೀರಿರಲ್ಲ, ಇದಕ್ಕೊಂದು" ಅಂತ ಗೊಣಗ್ತಾರೆ, ಆದ್ರೆ ಪ್ರತಿ ಫೋನ್‌ನಲ್ಲೂ ಎಷ್ಟು ಎಲೆ ಬಂತು ಅಂತ ತಾವಾಗೇ ಹೇಳ್ತಾರೆ.

ತುಂಬ ಉದ್ದ ಆಯ್ತು, ಇಲ್ಲಿವರೆಗೆ ಓದಿದ್ದರೆ ನಿಮಗೊಂದು ಗಿಡ ಬಾಕಿ ಇದೆ ಅಂತಲೇ ಲೆಕ್ಕ. ಸದ್ಯಕ್ಕೆ ನನ್ನ ಹತ್ತಿರ ಹಂಚೋಕೆ ಇರೋದು: ವ್ಯಾಲಿಸ್ನೇರಿಯ (ದಯವಿಟ್ಟು ಯಾರಾದ್ರೂ ತಗೊಳ್ಳಿ!), ಜಾವಾ ಹಾವಸೆ, ಕಾಡುಬಸಳೆ ಥರ ಎಲೆಯಲ್ಲೇ ಮರಿ ಹಾಕೋ ಜಾವಾ ಜರಿಗಿಡ, ಕ್ರಿಪ್ಟೊಕೊರಿನ್ ವೆಂಡ್ಟಿಯ ಆರೇಳು ಮರಿ, ರೊಟಾಲ ಮ್ಯಾಕ್ರಾಂಡ್ರದ ನಾಲ್ಕು ಕಡ್ಡಿ. ಅಕ್ವೇರಿಯಂ ಇಲ್ಲದಿದ್ದರೂ ಪರವಾಗಿಲ್ಲ, ಮೊದಲ ಎರಡಕ್ಕೆ ಕಿಟಕಿ ಪಕ್ಕದ ಒಂದು ಗಾಜಿನ ಭರಣಿ ಸಾಕು. ದುಡ್ಡು ಬೇಡ. ಎರಡೇ ಷರತ್ತು. ಕೆರೆಗೆ ಬಿಡಬಾರದು. ನಾಲ್ಕಾದ ಮೇಲೆ ಇನ್ನೊಬ್ಬರಿಗೆ ಕೊಡಬೇಕು.

ಬರುವಾಗ ಒಂದು ಟಿಫನ್ ಡಬ್ಬಿ ತನ್ನಿ.